ಬೆಂಚಿಗೊಂದು ಥ್ಯಾಂಕ್ಸ್

೧

ಎಲ್ಲಿಂದ ಶುರು ಮಾಡೋದು ಹೇಳಿ? ವಿಮಾನ ನಿಲ್ದಾಣದಿಂದ ಬರೆದೆ, ಹರಿದು ಹಾಕಿದೆ. ದೇಶ ದೇಶ ಸುತ್ತುವವರ ಕಥೆಯಲ್ಲಿ ಸೂಟ್‌ಕೇಸ್ ಉರುಳಲೇಬೇಕು ಅಂತ ಯಾರಾದರೂ ಕಾನೂನು ಮಾಡಿದ್ದಾರಾ? ಅಡುಗೆಮನೆಯ ಮೇಜಿನಿಂದ ಶುರು ಮಾಡೋಣ. ಶಾಲೆ ಇರೋದೇ ಅಲ್ಲಿ.

ಅಪ್ಪ ಫ್ಯಾಕ್ಟರಿಗಳಲ್ಲಿ ದೊಡ್ಡ ದೊಡ್ಡ ಯಂತ್ರ ಕೂರಿಸುವ ಫಿಟ್ಟರ್. ಒಂದು ದೇಶದಲ್ಲಿ ಯಂತ್ರ ಓಡತೊಡಗಿತೋ, ಗಂಟುಮೂಟೆ ಕಟ್ಟಿ ಇನ್ನೊಂದು ದೇಶ. ಜೊತೆಗೆ ಅಮ್ಮ, ಒಂಬತ್ತರ ಮಗಳು ಚಿನಕುರಳಿ, ಅವಳ ತಮ್ಮ ಗುಂಡ. ಅಮ್ಮನೇ ಟೀಚರು, ಅಮ್ಮನೇ ಹೆಡ್‌ಮಿಸ್ಸು, ಬೈಸಿಕೊಳ್ಳುವ ಜವಾನನೂ ಅಮ್ಮನೇ.

ಮೊದಲ ಸಲ ಮನೆ ಬಿಡುವಾಗ ಚಿನಕುರಳಿ ರಂಪ ಮಾಡಿದ್ದಳು. ಆಗ ಅಮ್ಮ ಒಂದು ಉಪಾಯ ಹೂಡಿದಳು. ಹೊರಡುವ ಮುಂಚೆ ಒಂದೊಂದನ್ನೂ ಮುಟ್ಟಿ ಥ್ಯಾಂಕ್ಸ್ ಹೇಳೋದು. ನಲ್ಲೀ ಥ್ಯಾಂಕ್ಸ್, ಬಿಸಿನೀರು ಕೊಟ್ಟೆ. ಕಿಟಕೀ ಥ್ಯಾಂಕ್ಸ್, ರಸ್ತೆ ತೋರಿಸಿದೆ. ಪ್ರತಿ ಊರಲ್ಲೂ ಅಷ್ಟರಲ್ಲಿ ಬೀಗದ ಕೈ ಇಸ್ಕೊಳ್ಳೋಕೆ ಓನರ್ ಬಂದು ಬೆಲ್ ಒತ್ತುತ್ತಿದ್ದ. ಅವರ ಮನೆಯ ಬೆಲ್ ಒತ್ತುವವನು ಅವನೊಬ್ಬನೇ; ಬೆಲ್ ಆಯ್ತು ಅಂದರೆ ಹೊರಡೋದು ಅಂತಲೇ ಲೆಕ್ಕ.

೩

(ಎರಡು ಎಲ್ಲಿ ಅಂತ ಕೇಳಬೇಡಿ. ಅದರಲ್ಲಿ ಬರೀ ಪ್ರಕೃತಿ ವರ್ಣನೆ ಇತ್ತು.)

"ಅಮ್ಮಾ, ನಂಗೆ ನಿಜವಾದ ಶಾಲೆಗೆ ಹೋಗ್ಬೇಕು."

ಅಮ್ಮ ಕೈಯಲ್ಲಿದ್ದ ಸೀಮೆಸುಣ್ಣ ಕೆಳಗಿಟ್ಟಳು. ಹಾಗಾದರೆ ಇಷ್ಟು ವರ್ಷ ನಡೆದದ್ದು ಸುಳ್ಳು ಶಾಲೆಯೇ? ಅಪ್ಪನಿಗೂ ಈ ಹೊಸ ಊರಿನ ಫ್ಯಾಕ್ಟರಿಯವರು, ಯಂತ್ರ ನೋಡಿಕೊಂಡು ಇಲ್ಲೇ ಇದ್ದುಬಿಡಿ ಅಂದಿದ್ದರು. "ಮಗು ಹೊಂದ್ಕೊಂಡ್ರೆ ಉಳಿಯೋಣ ಕಣೇ, ಇಲ್ದಿದ್ರೆ ಹೊರಡೋಣ," ಅಂದ ಅವನು. ಶಾಲೆಯವರು, ಒಂದು ದಿನ ಕೂತು ನೋಡಲಿ ಅಂದರು.

[ಇಲ್ಲಿ ಚಿನಕುರಳಿ ಕಷ್ಟದ ಲೆಕ್ಕ ಬಿಡಿಸಿ ಇಡೀ ತರಗತಿ ಬೆರಗಾಯಿತು ಅಂತ ಬರೆದಿದ್ದೆ. ಅಮ್ಮ ಕಥೆಯೊಳಗಿಂದಲೇ ಗದರಿದಳು: "ಬಂಡಲ್ ಬಿಡ್ಬೇಡಿ ಕಥೆಗಾರ್ರೇ, ಭಾಗಾಕಾರ ಅಂದ್ರೆ ಅವಳಿಗೆ ಈಗ್ಲೂ ಜ್ವರ ಬರುತ್ತೆ." ಆಯ್ತು ತಾಯಿ, ಹೊಡೆದು ಹಾಕಿದೆ.]

೪

ಆ ದಿನ ಅಮ್ಮನೂ ತರಗತಿಯ ಹಿಂದಿನ ಬೆಂಚಿನಲ್ಲಿ ಮುದುರಿ ಕೂತಿದ್ದಳು. ಮೊದಲ ಪೀರಿಯಡ್ ಮುಗಿದು ಬೆಲ್ ಹೊಡೆಯಿತು. ಮಕ್ಕಳೆಲ್ಲ ಗಣಿತದ ಪುಸ್ತಕ ತೆಗೆದರೆ, ಚಿನಕುರಳಿ ಎದ್ದು ಬ್ಯಾಗು ಹೆಗಲಿಗೇರಿಸಿದಳು. ಬೆಂಚು ತಟ್ಟಿದಳು. "ಥ್ಯಾಂಕ್ಸ್, ಕೂರಿಸ್ಕೊಂಡೆ." ಪಕ್ಕದ ಹುಡುಗಿಯ ಭುಜ ಮುಟ್ಟಿದಳು. "ಥ್ಯಾಂಕ್ಸ್, ರಬ್ಬರ್ ಕೊಟ್ಟೆ." ಆಮೇಲೆ ಕಿಟಕಿ, ಆಮೇಲೆ ಬೋರ್ಡು. ತರಗತಿ ಗೊಳ್ಳೆಂದಿತು.

ಅಯ್ಯೋ ದೇವರೇ, ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು ಅಮ್ಮನಿಗೆ. ನಾನು ಕಲಿಸಿದ್ದು ಇಷ್ಟೇನಾ, ಬಿಟ್ಟು ಹೋಗೋದು?

"ಎಲ್ಲಿಗೆ ಪುಟ್ಟಾ ಹೊರಟೆ?" ಟೀಚರ್ ಕೇಳಿದರು.

"ಬೆಲ್ ಆಯ್ತಲ್ಲ ಮಿಸ್."

"ಅದು ಗಣಿತದ ಬೆಲ್. ಎಲ್ರೂ ಇಲ್ಲೇ ಇರ್ತೀವಿ."

"ಎಲ್ರೂನಾ?"

"ಎಲ್ರೂ."

ಚಿನಕುರಳಿ ನಂಬಿಕೆ ಬಾರದವಳಂತೆ ನಿಧಾನಕ್ಕೆ ಕೂತಳು.

೫

ಮುಗಿಸೋದು ಹೇಗೆ?

(ಅ) ತರಗತಿಯ ಮಕ್ಕಳೆಲ್ಲ ಎದ್ದು ತಂತಮ್ಮ ಬೆಂಚಿಗೆ ಥ್ಯಾಂಕ್ಸ್ ಹೇಳಿದರು. ("ಥೂ, ಸಿನಿಮಾ ಆಯ್ತು!" ಅಮ್ಮನ ತಕರಾರು.)

(ಆ) ಚಿನಕುರಳಿಗೆ ಶಾಲೆ ಹಿಡಿಸಲಿಲ್ಲ, ಅಮ್ಮನೇ ಗೆದ್ದಳು. (ಇದಕ್ಕೆ ಅಮ್ಮ ತಕರಾರು ತೆಗೆಯಲಿಲ್ಲ.)

ಆದದ್ದು ಇಷ್ಟು. ಸಂಜೆ ಕೊನೆಯ ಬೆಲ್ ಹೊಡೆದಾಗ ಚಿನಕುರಳಿ ಬೆಂಚಿನ ಕಡೆ ತಿರುಗಿಯೂ ನೋಡದೆ ಬಾಗಿಲಿಗೆ ಓಡಿದಳು. ಅಮ್ಮನಿಗೇ ತಡೆಯಲಾಗಲಿಲ್ಲ. "ಥ್ಯಾಂಕ್ಸ್ ಹೇಳ್ಲಿಲ್ವೇನೇ?"

"ಯಾಕಮ್ಮಾ? ನಾಳೆ ಬರ್ತೀನಲ್ಲ!"

ಮನೆಗೆ ಬಂದು ಅಮ್ಮ ಅಡುಗೆಮನೆ ಮೇಜಿನ ಮುಂದೆ ನಿಂತಳು. ಎಷ್ಟು ಊರಿನ ಎಷ್ಟು ಮೇಜುಗಳು. ಎದುರಿಗೆ ಎರಡು ಪುಟ್ಟ ತಲೆ, ತಾನು ಹೇಳಿದ್ದೇ ವೇದ. ಯಾವ ತಾಯಿಗೆ ಸಿಗುತ್ತೆ ಇಂಥ ಭಾಗ್ಯ? ಕಣ್ಣು ತುಂಬಿ ಬಂತು. ಮೇಜಿನ ಮೇಲೆ ಅಂಗೈ ಊರಿದಳು. "ಥ್ಯಾಂಕ್ಸ್..."

"ಅಮ್ಮಾ!" ಗುಂಡ ಹೌಹಾರಿ ಮೇಜನ್ನು ತಬ್ಬಿಕೊಂಡ. "ನಂದಿನ್ನೂ ಮಗ್ಗಿ ಮುಗಿದಿಲ್ಲ!"

ಅಮ್ಮ ಥಟ್ಟನೆ ಕೈ ತೆಗೆದಳು.

ಆಮೇಲೆ ಉಳಿದರಾ, ಹೊರಟರಾ? ಹೇಳಲ್ಲ. ಇಲ್ಲಿವರೆಗೆ ಜೊತೆಗೆ ಕೂತ ನಿಮಗೆ ಒಂದು ಮಾತು ಹೇಳಬೇಕು ಅಂತ ನಾಲಿಗೆ ತುದಿಗೆ ಬಂದಿದೆ. ಆದರೆ ಈ ಮನೆಯವರ ಲೆಕ್ಕದಲ್ಲಿ ಅದನ್ನು ಹೇಳಿದರೆ ಹೊರಟ ಹಾಗೆ. ಅದಕ್ಕೇ ಹೇಳೋದಿಲ್ಲ.