ಕಿವಿಯಣ್ಣನ ಜಾಗ

"ಈ ಕುರ್ಚಿ ಇಲ್ಲಿ ಬೇಡ," ಎನ್ನುತ್ತಲೇ ಕಿವಿಯಣ್ಣನ ಮಗಳು ಅದನ್ನೆತ್ತಿ ಗೋಡೆಯ ಪಕ್ಕಕ್ಕೆ ಇಟ್ಟಳು. ಮೈಕಿನ ಎಡಕ್ಕೆ, ಒಂದು ಹೆಜ್ಜೆ ಹಿಂದೆ, ಪಕ್ಷದ ಕಾರ್ಯದರ್ಶಿ ಹಾಕಿಸಿದ್ದ ಕುರ್ಚಿ ಅದು.

ಕಾರ್ಯದರ್ಶಿ ಅವಳ ಬೆನ್ನಿಗೇ ಬಂದ. "ಸ್ವಲ್ಪ ಹೊತ್ತು ತಂಗಿ. ನಿಮ್ಮಪ್ಪನ ಹಾಗೆ ಕೂತ್ಕೊಂಡು, ದೊಡ್ಡವರು ತಡವರಿಸಿದಾಗ ಕಿವೀಲಿ ಒಂದು ಮಾತು ಹಾಕಿಬಿಡಮ್ಮ. ಸಾಯಂಕಾಲವೇ ಚುನಾವಣೆ ಟಿಕೆಟ್ ಹಂಚೋ ಸಭೆ. ಎಪ್ಪತ್ತೈದು ದಾಟಿದವರಿಗೆ ಟಿಕೆಟ್ ಬೇಡ ಅನ್ನೋರೆಲ್ಲ ಇಲ್ಲೇ ಕೂತಿದ್ದಾರೆ."

"ಅಪ್ಪನ್ನ ನೋಡೋಕೆ ಬಂದಿದ್ದಾರೆ ಅಂದ್ಕೊಂಡಿದ್ದೆ."

"ಅದಕ್ಕೂ ಬಂದಿದ್ದಾರೆ."

ಊರಿಗೆಲ್ಲ ಅಪ್ಪ ಕಿವಿಯಣ್ಣ. ಎಲ್ಲರೂ ದೊಡ್ಡವರು ಎನ್ನುವ ಶಾಸಕರ ಆಪ್ತ ಸಹಾಯಕ. ಎದುರು ನಿಂತವರ ಹೆಸರು, ಅವರ ಕಷ್ಟ, ಅವರಿಗೆ ಹೇಳಬೇಕಾದ ಉತ್ತರ, ಎಲ್ಲವೂ ಅಪ್ಪನ ಬಾಯಿಂದ ದೊಡ್ಡವರ ಎಡಗಿವಿಗೆ ಹೋಗಿ, ಅಲ್ಲಿಂದ ಮೈಕಿಗೆ ಬರುತ್ತಿತ್ತು. ಈಗ ಅಪ್ಪ ಭವನದ ನಡುವೆ ಶವಪೆಟ್ಟಿಗೆಯಲ್ಲಿ, ಬಾಯಿ ಬಿಗಿದು ಮಲಗಿದ್ದರು.

"ಇನ್ಮೇಲೆ ದೊಡ್ಡವರು ನನ್ನನ್ನ ಏನಂತ ಕರೀತಾರೋ," ಎಂದ ಹಿಂದಿನ ಸಾಲಿನ ದರ್ಜಿ.

"ನನ್ನ ಅಂಗಡೀನ ಎರಡು ಸಲ ಉದ್ಘಾಟನೆ ಮಾಡಿದ್ರು," ಎಂದ ಪಕ್ಕದ ಔಷಧಿ ಅಂಗಡಿಯವನು. "ನಂಗೇನು ನಷ್ಟ? ಎರಡು ಸಲಾನೂ ಜನ ಸೇರಿದ್ರು."

*

ಅವಳು ನಗರ ಸಾರಿಗೆಯ ಚಾಲಕಿ. ಹೋದ ವರ್ಷ ಒಂದು ರಜೆಯ ದಿನ, ಅಡುಗೆಮನೆಯಲ್ಲಿ ಅಪ್ಪನನ್ನು ಹಿಡಿದು ಕೂರಿಸಿದ್ದಳು.

"ನಂಗೆ ಅರವತ್ತಾದ್ರೆ ಡಿಪೋದಲ್ಲಿ ಕೀಲಿ ಇಸ್ಕೊಂಡು ಮನೆಗೆ ಕಳಿಸ್ತಾರೆ. ಅಲ್ಲೀವರೆಗೂ ವರ್ಷಾ ವರ್ಷ ಕಣ್ಣು ನೋಡ್ತಾರೆ. ಊರನ್ನೇ ನಡೆಸೋರಿಗೆ ಅಂಥದ್ದೇನೂ ಇಲ್ವಾ?"

"ವಯಸ್ಸಿಟ್ಕೊಂಡು ಮನುಷ್ಯನ್ನ ಅಳೀಬಾರದು ಕಣೆ. ತೊಂಬತ್ತಕ್ಕೂ ಚುರುಕಾಗಿರೋರಿದ್ದಾರೆ."

"ಇರಲಿ. ಇವರು ಚುರುಕಾಗಿದ್ದಾರಾ?"

ಅಪ್ಪ ಕಿತ್ತಳೆ ಸುಲಿಯುತ್ತಿದ್ದರು. "ಅವರು ಮರೆತರೇನು, ನಾನಿದ್ದೀನಲ್ಲ. ಹೊಸ ಆಸ್ಪತ್ರೆ ಎಲ್ಲಿ ಕಟ್ಟಬೇಕು ಅಂತ ಹೇಳಿದ್ದೂ ನಾನೇ."

"ನಿಂಗೆ ಯಾರು ಓಟು ಹಾಕಿದ್ರಪ್ಪ?"

ಅಪ್ಪ ಸುಲಿದ ಹಣ್ಣನ್ನು ಅವಳ ಕೈಗಿಟ್ಟು ಎದ್ದು ಹೋದರು.

*

ದೊಡ್ಡವರು ಮೈಕಿನ ಮುಂದೆ ನಿಂತರು. ಬೆನ್ನು ನೆಟ್ಟಗಿತ್ತು, ದನಿ ಗಟ್ಟಿಯಾಗಿತ್ತು. ಹೆಣ್ಣು ಬಸ್ ಓಡಿಸ್ತಾಳಂತೆ ಎಂದು ಊರು ನಕ್ಕಾಗ, ಟಿಕೆಟ್ ತೆಗೆದುಕೊಂಡು ಮುಂದಿನ ಸೀಟಿನಲ್ಲಿ ಕೂತು ಕೊನೆಯ ಸ್ಟಾಪಿನವರೆಗೂ ಬಂದವರು ಇವರೇ, ಅವಳು ಸಲಿಗೆಯಿಂದ ದೊಡ್ಡಪ್ಪ ಎನ್ನುವವರು. ಅದು ನೆನಪಾಗಿ ಅವಳ ಕಣ್ಣು ಗೋಡೆಯ ಪಕ್ಕದ ಕುರ್ಚಿಯತ್ತ ಹೋಯಿತು. ಒಂದು ಹೆಸರು ಪಿಸುಗುಟ್ಟಿದರೆ ಇವತ್ತಿನ ಮಟ್ಟಿಗೆ ಅವರ ಮಾನ ಉಳಿಯುತ್ತದೆ. ನಾಳೆಯಿಂದ ಆ ಕುರ್ಚಿ ತನ್ನದಾಗುತ್ತದೆ.

"ಬಂಧುಗಳೇ, ಇವತ್ತು ನಾವೆಲ್ಲ ಇಲ್ಲಿ ಸೇರಿರೋದು..."

ಮಾತು ನಿಂತಿತು. ದೊಡ್ಡವರು ಎಡಕ್ಕೆ ಕತ್ತು ತಿರುಗಿಸಿದರು. ಯಾರೂ ಇರಲಿಲ್ಲ. ಹಿಂದಕ್ಕೆ ನೋಡಿದರು. ಆಮೇಲೆ ಮೈಕಿಗೇ ಕೇಳಿದರು:

"ಎಲ್ಲಿ ಹೋದ ಇವನು? ಮಾತಾಡೋ ಹೊತ್ತಿಗೆ ಇರಬೇಕಲ್ವಾ?"

ಕಾರ್ಯದರ್ಶಿ ಕಣ್ಣಲ್ಲೇ ಅವಳನ್ನು ಬೇಡಿಕೊಂಡ. ಅವಳು ಎದ್ದಳು. ಆದರೆ ಎಡಕ್ಕೆ ಹೋಗಲಿಲ್ಲ. ನೇರವಾಗಿ ಅವರ ಎದುರು ನಿಂತು, ಎಲ್ಲರಿಗೂ ಕೇಳುವಂತೆ ಹೇಳಿದಳು:

"ದೊಡ್ಡಪ್ಪ, ಅಪ್ಪ ಹೋಗಿಬಿಟ್ರು. ಇವತ್ತು ಅವರನ್ನ ಕಳಿಸಿಕೊಡೋಕೆ ಬಂದಿದ್ದೀವಿ."

ಅವರು ಅವಳ ಮುಖವನ್ನೇ ನೋಡಿದರು. ಪೆಟ್ಟಿಗೆಯನ್ನು ನೋಡಿದರು.

"ಹಾಗಾದ್ರೆ ನನ್ನನ್ನ ಇಲ್ಲಿ ಯಾಕಮ್ಮ ನಿಲ್ಲಿಸಿದ್ದಾರೆ?"

"ಬೇಡ ದೊಡ್ಡಪ್ಪ. ಬನ್ನಿ, ನಮ್ಮ ಜೊತೆ ಕೂತ್ಕೊಳ್ಳಿ."

ಅವರ ತೋಳು ಹಿಡಿದು ಮನೆಯವರ ಸಾಲಿಗೆ ನಡೆಸಿಕೊಂಡು ಬಂದಳು. ಅವರು ಹಾದುಹೋದರೆ ಎದ್ದು ನಿಲ್ಲುವುದು ಊರಿಗೆ ಹಳೆಯ ರೂಢಿ. ಈಗ ಎದ್ದೇಳಬೇಕೋ ಬೇಡವೋ ತಿಳಿಯದೆ, ಇಡೀ ಭವನ ಕುರ್ಚಿಯ ಕೈ ಹಿಡಿದುಕೊಂಡು ಅರ್ಧ ಎದ್ದು, ಬಾಗಿ ನಿಂತಿತ್ತು.

ಅಮ್ಮ ಪಕ್ಕದ ಕುರ್ಚಿಯ ಮೇಲಿದ್ದ ತನ್ನ ಚೀಲ ತೆಗೆದು ತೊಡೆಯ ಮೇಲಿಟ್ಟುಕೊಂಡಳು.