ಕೊನೆಯ ಮೂರು ಸಾಲು

ಮೊದಲ ಆರು ಸಾಲು ಮುಗಿಯುವಷ್ಟರಲ್ಲಿ ಸಭೆ ಎರಡು ಸಲ ನಕ್ಕಿತ್ತು. ಕಾಲೇಜು ಆಫೀಸಿನ ಟೈಪಿಸ್ಟ್ ಮೈಕಿನ ಮುಂದೆ ನಿಂತು, ಅಂದು ನಿವೃತ್ತರಾಗುತ್ತಿದ್ದ ಕಾವ್ಯದ ಮೇಷ್ಟ್ರ ಮೇಲೆ ತಾನೇ ಕಟ್ಟಿದ ಕವಿತೆ ಓದುತ್ತಿದ್ದಳು. 'ಮೇಷ್ಟ್ರ ಮುಂದೆ ಎಂದೂ ಖಾಲಿ ಬಿದ್ದಿರಲಿಲ್ಲ ಹಾಳೆ. ಅವರ ಪಾಠಕ್ಕೆ ಬೆರಗಾಗಿದ್ದಳು ಪ್ರತಿ ಹುಡುಗಿ. ಅವರದು ಸದಾ ತೆರೆದ ಬಾಗಿಲು. ಮಕ್ಕಳ ಮನಸ್ಸು ಕದಿಯುವುದೊಂದೇ ಅವರ ಕಳ್ಳತನ. ಅವರು ಸಿಡುಕರು ಎನ್ನುವುದು ಬರೀ ಸುಳ್ಳು. ಇದಕ್ಕೆಲ್ಲ ಸಾಕ್ಷಿ ನಾನು.' ಪ್ರಿನ್ಸಿಪಾಲರು ಪಕ್ಕದವರ ಕಡೆ ಬಾಗಿ, ಪರವಾಗಿಲ್ಲವೇ ನಮ್ಮ ಆಫೀಸಿನವಳು ಎಂದರು.

ಎರಡನೆಯ ಪದ್ಯದ ಮೊದಲ ಸಾಲೂ 'ನಾನು' ಎಂದೇ ಮುಗಿಯಿತು. ಅದರ ಹಿಂದೆಯೇ 'ಹಾಳೆ', ಆಮೇಲೆ 'ಸುಳ್ಳು'. ಮೇಷ್ಟ್ರ ಮುಖದ ನಗು ಅರ್ಧಕ್ಕೇ ನಿಂತಿತು. ಇದು ಸೆಸ್ಟಿನಾ ಎಂಬ ಪರದೇಶದ ಕಾವ್ಯಪ್ರಕಾರ ಎಂದು ಆ ಸಭಾಂಗಣದಲ್ಲಿ ತಿಳಿದದ್ದು ಅವರೊಬ್ಬರಿಗೇ. ತಿಳಿಯಲಿ ಅಂತಲೇ ಅವಳು ಬರೆದದ್ದು.

ಹತ್ತೊಂಬತ್ತು ವರ್ಷ ಅವರ ಟಿಪ್ಪಣಿಗಳನ್ನು ಟೈಪ್ ಮಾಡಿದರೂ ಆ ಹಾಳು ಲೆಕ್ಕಾಚಾರ ಅವಳ ತಲೆಗೆ ಹತ್ತಿರಲಿಲ್ಲ. ಆರು ಸಾಲು ಅಂದಮಾತ್ರಕ್ಕೆ ಷಟ್ಪದಿಯಲ್ಲ. ಇಲ್ಲಿ ಪ್ರಾಸ ಬೇಕಿಲ್ಲ. ಸಾಲಿನ ಕೊನೆಗೆ ಆರು ಮಾತು ಬೇಕು, ಆರು ಪದ್ಯದಲ್ಲೂ ಅವೇ ಆರು, ಆದರೆ ಜಾಗ ಬದಲಾಯಿಸಿ. ಕಡೆಗೆ ಒಂದು ಮಧ್ಯಾಹ್ನ ಅವಳು ಆಫೀಸಿನ ಆರು ರಬ್ಬರ್ ಮುದ್ರೆಗಳನ್ನು ಮೇಜಿನ ಮೇಲೆ ಸಾಲಾಗಿ ನಿಲ್ಲಿಸಿದಳು. ಕೊನೆಯದನ್ನು ಎತ್ತಿ ಮುಂದಿಟ್ಟಳು, ಅದರ ಪಕ್ಕ ಮೊದಲನೆಯದು. ಮತ್ತೆ ಆ ತುದಿಯಿಂದೊಂದು, ಈ ತುದಿಯಿಂದೊಂದು, ನಡುವಿನವು ಮುಗಿಯುವ ತನಕ. ಹೀಗೆ ಐದು ಸಲ ಜೋಡಿಸಿದ ಮೇಲೆ ಅವಳಿಗೆ ಗೊತ್ತಾಯಿತು, ಇದರಲ್ಲಿ ಒಮ್ಮೆ ಆಡಿದ ಮಾತಿನಿಂದ ಯಾರಿಗೂ ಬಿಡುಗಡೆಯಿಲ್ಲ. ಅಯ್ಯೋ, ಇದು ನನಗೇ ಮಾಡಿಸಿದ ಹಾಗಿದೆ ಎಂದುಕೊಂಡಳು.

ಯಾಕೆಂದರೆ ಆರು ಮಾತು ಅವಳ ಕೈಯಲ್ಲಿ ಆಗಲೇ ಇದ್ದವು. ಮೇಷ್ಟ್ರ ಪಿಂಚಣಿ ಕಾಗದಕ್ಕೆಂದು ಹಳೆಯ ಫೈಲು ಬಿಚ್ಚಿದಾಗ, ಇಪ್ಪತ್ತೆರಡು ವರ್ಷದ ಹಿಂದೆ ಅವರು ಆಗಿನ ಪ್ರಿನ್ಸಿಪಾಲರಿಗೆ ಬರೆದ ಪತ್ರ ಸಿಕ್ಕಿತ್ತು. 'ಈ ಹಾಳೆಯಲ್ಲಿರುವುದು ಕಳ್ಳತನ, ಹುಡುಗಿ ಹೇಳುತ್ತಿರುವುದು ಸುಳ್ಳು, ಅವಳಿಗೆ ಬಾಗಿಲು ತೋರಿಸದಿದ್ದರೆ ನಾನು ರಾಜೀನಾಮೆ ಕೊಡುತ್ತೇನೆ.' ಆ ಹುಡುಗಿ ಈ ಟೈಪಿಸ್ಟಿನ ಅಕ್ಕ. ತಾನೇ ಬರೆದ ಕವಿತೆಯನ್ನು ಪತ್ರಿಕೆಯೊಂದರಿಂದ ಕದ್ದಳೆಂದು ಹೊರಗೆ ಹಾಕಿಸಿಕೊಂಡವಳು. ಈಗ ಲಾಂಡ್ರಿಯಲ್ಲಿ ಇಸ್ತ್ರಿ ಮಾಡುತ್ತಾಳೆ. ಸಾಮಾನಿನ ಚೀಟಿಯನ್ನೂ ಗಂಡನ ಕೈಲಿ ಬರೆಸುತ್ತಾಳೆ.

ಪತ್ರದ ಬೆನ್ನಿಗೆ ಇನ್ನೊಂದು ಕಾಗದ ಪಿನ್ನು ಮಾಡಿತ್ತು. ಇಂಥ ಕವಿತೆಯನ್ನು ನಾವು ಎಂದೂ ಅಚ್ಚು ಹಾಕಿಲ್ಲ ಎಂದು ಆ ಪತ್ರಿಕೆಯವರು ಬರೆದ ಉತ್ತರ. ಕೆಳಗೆ ಮೇಷ್ಟ್ರ ಕೈಬರಹದಲ್ಲಿ 'ನೋಡಿದೆ', ಸಹಿ, ತಾರೀಖು. ಅಕ್ಕನನ್ನು ಹೊರಗೆ ಹಾಕಿದ ಒಂಬತ್ತನೆಯ ದಿನ. ನೋಡಿಯೂ ಮೇಷ್ಟ್ರು ಸುಮ್ಮನಿದ್ದರು. ಅದನ್ನು ಓದಿದ ದಿನ ಟೈಪಿಸ್ಟಿಗೆ ಅನ್ನ ಸೇರಲಿಲ್ಲ.

ಮೂರನೆಯ ಪದ್ಯಕ್ಕೆ ಬರುವಾಗ ಬಾಗಿಲು ಮುಚ್ಚಿಕೊಂಡಿತ್ತು. ನಾಲ್ಕನೆಯದರಲ್ಲಿ ಸುಳ್ಳು ಯಾರದೆಂಬ ಪ್ರಶ್ನೆ ಬಂತು. ಜನ ಈಗ ನಗುತ್ತಿರಲಿಲ್ಲ, ಆದರೂ ಏನೋ ಗಂಭೀರವಾಗಿದೆ ಎಂದು ತಲೆದೂಗುತ್ತಿದ್ದರು. ಮೇಷ್ಟ್ರ ಬೆರಳುಗಳು ಮೊಣಕಾಲಿನ ಮೇಲೆ ಎಣಿಸುತ್ತಿದ್ದವು. ಐದನೆಯ ಪದ್ಯದಲ್ಲಿ ಅವಳು ಉಸಿರೆಳೆದುಕೊಳ್ಳಲು ನಿಂತಾಗ ಅವರ ತುಟಿ 'ಹುಡುಗಿ' ಎಂದು ಅವಳಿಗಿಂತ ಮೊದಲೇ ಆಡಿತು. ಅದನ್ನು ಕಂಡು ಅವಳಿಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಒದ್ದಾಡಲಿ, ಇನ್ನೂ ಏಳು ಸಾಲಿದೆ ಎಂದುಕೊಂಡು, ಬೇಕೆಂದೇ ನಿಧಾನಿಸಿ ಓದಿದಳು.

ಆರನೆಯ ಪದ್ಯ ಮುಗಿಸಿ ಅವಳು ಕಾಗದ ಮಡಿಸಿದಳು. ಈ ಪ್ರಕಾರಕ್ಕೆ ಕೊನೆಯಲ್ಲಿ ಮೂರು ಸಾಲು ಬೇಕು, ಆರು ಮಾತೂ ಅದರೊಳಗೆ ಬರಬೇಕು, ಇಲ್ಲದಿದ್ದರೆ ಕವಿತೆ ಪೂರ್ತಿಯಾಗುವುದಿಲ್ಲ ಎಂದು ಮೇಷ್ಟ್ರೇ ಕಲಿಸಿದ್ದಾರೆ, ಹಾಗಾಗಿ ಅದನ್ನು ಅವರಿಗೇ ಬಿಟ್ಟಿದ್ದೇನೆ ಎಂದು ಸಭೆಗೆ ತಿಳಿಸಿದಳು. ಮೈಕು ಹಿಡಿದು ಅವರ ಬಳಿ ಹೋಗಿ, ಪತ್ರಿಕೆಯವರ ಉತ್ತರವನ್ನು ಅವರ ತೊಡೆಯ ಮೇಲಿಟ್ಟಳು.

"ನಮ್ಮಕ್ಕನ ವಿಷಯ ನೀವು ಹೇಳ್ತೀರೋ ಸಾರ್, ಇಲ್ಲಾ ಇದನ್ನ ನಾನು ಓದಲೋ?" ಎಂದಳು, ಅವರಿಗಷ್ಟೇ ಕೇಳುವ ಹಾಗೆ.

ಮೇಷ್ಟ್ರು ತಮ್ಮದೇ ಸಹಿಯನ್ನು ನೋಡಿದರು. ಆಮೇಲೆ ಕುರ್ಚಿಯ ಕೈ ಹಿಡಿದು ಎದ್ದರು. ಅವಳು ಹಿಡಿದ ಮೈಕಿನಲ್ಲಿ ಒಂದೊಂದೇ ಸಾಲು ಹೇಳಿದರು.

"ಅವಳದೇ ಆಗಿತ್ತು ಹಾಳೆ, ಬರೆದವಳು ಆ ಹುಡುಗಿ.
ಮುಚ್ಚಿಸಿದೆ ಬಾಗಿಲು, ಇರಲಿಲ್ಲ ಕಳ್ಳತನ.
ಗೊತ್ತಿತ್ತು ಸುಳ್ಳು. ಗೊತ್ತಿದ್ದವನು ನಾನು."

ಸಭಾಂಗಣ ಚಪ್ಪಾಳೆಯಿಂದ ತುಂಬಿಹೋಯಿತು. ಆಹಾ, ಆಶುಕವಿತೆ ಅಂದರೆ ಇದು ಎಂದು ಪ್ರಿನ್ಸಿಪಾಲರು ಎದ್ದೇ ನಿಂತರು. ಮೇಷ್ಟ್ರ ಮುಖಕ್ಕೆ ರಕ್ತ ವಾಪಸು ಬರುತ್ತಿರುವುದನ್ನು ಅವಳು ನೋಡಿದಳು. ಬದುಕಿದೆ ಬಡಜೀವವೇ ಎಂಬಂತೆ ಅವರು ಕುರ್ಚಿಯ ಕಡೆ ತಿರುಗುತ್ತಿದ್ದರು. ಅವಳು ಮೈಕನ್ನು ಅವರ ಬಾಯಿಯಿಂದ ಸರಿಸಲಿಲ್ಲ. ಚಪ್ಪಾಳೆ ಪೂರ್ತಿ ಇಳಿಯುವವರೆಗೆ ಹಾಗೇ ಹಿಡಿದುಕೊಂಡಿದ್ದಳು.

"ಚೆನ್ನಾಗಿತ್ತು ಸಾರ್. ಈಗ ಅದನ್ನೇ ಗದ್ಯದಲ್ಲಿ ಹೇಳಿ."

ಅವರು ಅವಳ ಮುಖ ನೋಡಿದರು. ಅಲ್ಲಿ ಅವರಿಗೆ ಬೇಕಾದದ್ದು ಏನೂ ಕಾಣಲಿಲ್ಲ.

"ಇವಳ ಅಕ್ಕ ನನ್ನ ವಿದ್ಯಾರ್ಥಿನಿ," ಎಂದರು ಮೇಷ್ಟ್ರು. "ಅವಳು ಕದ್ದಿರಲಿಲ್ಲ. ಅದು ಗೊತ್ತಾದ ಮೇಲೂ ನಾನು ಯಾರಿಗೂ ಹೇಳಲಿಲ್ಲ."

ಮುಂದಿನ ಸಾಲಿನಲ್ಲಿ ಪ್ರಿನ್ಸಿಪಾಲರು ಇನ್ನೂ ನಿಂತೇ ಇದ್ದರು. ಇನ್ನೊಂದು ಚಪ್ಪಾಳೆಗೆಂದು ಎತ್ತಿದ ಕೈಗಳು ಎದೆಯ ಮಟ್ಟದಲ್ಲಿದ್ದವು, ನಡುವೆ ಒಂದು ಗೇಣು ಜಾಗ ಬಿಟ್ಟು.