ಕೆಂಗಣ್ಣ ಎಷ್ಟುದ್ದ ಇತ್ತು

ನಮ್ಮ ನಡುಮನೆಯ ಗೋಡೆಯ ಮೇಲೆ ಯೇಸುವಿನ ಪಟ ಒಂದಿದೆ, ಮೀನುಗಳು ಐದು. ನನ್ನ ಗಂಡ ಆರ್ವಿಡ್‌ನ ಭಕ್ತಿ ಯಾವ ಕಡೆಗೆಂದು ಇದರಲ್ಲೇ ತಿಳಿದುಕೊಳ್ಳಬಹುದು. ಮೂರು ಅವನು ಹಿಡಿದವು, ಗಂಡುಮಕ್ಕಳಿಬ್ಬರದು ಒಂದೊಂದು. ಎಲ್ಲವನ್ನೂ ಊರಿನ ಡೆಲ್ಬರ್ಟ್ ಚರ್ಮ ಸುಲಿದು, ಒಳಗೆ ಹೊಟ್ಟು ತುಂಬಿ, ಗಾಜಿನ ಕಣ್ಣಿಟ್ಟು, ಹಲಗೆಗೆ ಕೂರಿಸಿ ಕೊಟ್ಟಿದ್ದಾನೆ. ಮಗಳು ಲಾರೀನ್‌ಳದು ಮಾತ್ರ ಒಂದೂ ಇಲ್ಲ. ಚಿಕ್ಕವಳಿದ್ದಾಗಿನಿಂದ ಹಿಡಿದದ್ದನ್ನೆಲ್ಲ ತಂದು, "ಅಪ್ಪಾ, ಗೋಡೆಗೆ ಇದು ಸಾಕಾ?" ಎಂದು ಕೇಳುತ್ತಿದ್ದಳು. "ಇನ್ನೊಂಚೂರು ದೊಡ್ಡದು ಹಿಡಿ ಪುಟ್ಟಾ" ಎನ್ನುವುದು ಅವನ ಉತ್ತರ. ಈಗ ಅವಳಿಗೆ ನಲವತ್ತು ದಾಟಿದೆ. ಕೇಳುವುದನ್ನು ಬಿಟ್ಟಿದ್ದಾಳೆ, ಆಸೆ ಬಿಟ್ಟಿಲ್ಲ. ಮನೆಗೆ ಬಂದಾಗಲೆಲ್ಲ ಆ ಗೋಡೆಗೆ ಬೆನ್ನು ಮಾಡಿಯೇ ಕೂರುತ್ತಾಳೆ. ಹೆತ್ತವಳಿಗೆ ಅಷ್ಟೂ ಗೊತ್ತಾಗುವುದಿಲ್ಲವೇ?

ಕಳೆದ ಆಗಸ್ಟಿನಲ್ಲಿ ರಜೆಗೆ ಬಂದವಳು ಅಪ್ಪನ ಜೊತೆ ದೋಣಿಯಲ್ಲಿ ಸರೋವರಕ್ಕೆ ಹೋದಳು. ಮಧ್ಯಾಹ್ನದ ಹೊತ್ತಿಗೆ ಎರಡೂ ಕೈಯಲ್ಲಿ ಒಂದು ಮೀನನ್ನು ಎತ್ತಿಕೊಂಡು ದೋಣಿಕಟ್ಟೆಯ ಮೇಲೆ ನಡೆದು ಬಂದಳು. ಅವಳ ಹಿಂದೆ ಆರ್ವಿಡ್, ಬಕೀಟು ಹಿಡಿದುಕೊಂಡು.

ಮೀನು ನೋಡಿದೆ. ಕೆಂಗಣ್ಣ. ಪುಸ್ತಕದವರು ರಾಕ್ ಬಾಸ್ ಎನ್ನುತ್ತಾರೆ. ಕಲ್ಲುಸಂದಿಯಲ್ಲಿ ಕೂತು, ಒಳ್ಳೆಯ ಮೀನಿಗೆಂದು ಇಟ್ಟ ಹುಳುವನ್ನು ಗುಳುಂ ಮಾಡುವ ಅಂಗೈಯಗಲದ ಪ್ರಾಣಿ. ಗಾಳಕ್ಕೆ ಬಿದ್ದರೆ ನಮ್ಮೂರಲ್ಲಿ ಅದನ್ನು ಬೈದು ನೀರಿಗೆ ಎಸೆಯುತ್ತಾರೆ. ಇದು ಮಾತ್ರ ಅಂಗೈಯಲ್ಲಿ ಹಿಡಿಸುವ ಮಾತಾಗಿರಲಿಲ್ಲ. ಮೀನು ಕೊಯ್ಯುವ ನಮ್ಮ ಹಲಗೆಯ ಅಂಚಿನಲ್ಲಿ ಇಂಚಿನ ಗೆರೆ ಕೊರೆದಿದೆ. ಆರ್ವಿಡ್ ಮೂತಿಯನ್ನು ಸೊನ್ನೆಗೆ ಇಟ್ಟ. ಬಾಲ ಹದಿಮೂರನ್ನು ದಾಟಿತು. ನಾನು ನೀರಿನ ಪೈಪು ಹಿಡಿದು ಪಕ್ಕದಲ್ಲೇ ನಿಂತಿದ್ದೆ, ಕಣ್ಣಾರೆ ಕಂಡೆ.

"ಡೆಲ್ಬರ್ಟ್ ಹತ್ರ ಒಯ್ಯೋಣ್ವಾ ಅಪ್ಪಾ?" ಎಂದಳು ಲಾರೀನ್, ಮೆಲ್ಲಗೆ.

ಆರ್ವಿಡ್ ಬಾಲವನ್ನು ನೇರ ಮಾಡಿ ಇನ್ನೊಮ್ಮೆ ನೋಡಿದ. ಏನೋ ಹೇಳಲು ಬಾಯಿ ತೆರೆದ. ಅದು ಒಳ್ಳೆಯ ಮಾತೇ ಆಗಿತ್ತೆಂದು ನಾನು ಇವತ್ತಿಗೂ ನಂಬಿದ್ದೇನೆ. ಅಷ್ಟರಲ್ಲಿ ಪಕ್ಕದ ಮನೆಯ ಗಿಲ್ಬರ್ಟ್ ತನ್ನ ದೋಣಿಯಿಂದಲೇ ಕೂಗಿದ.

"ಏನೋ ಆರ್ವಿಡ್, ಕೆಂಗಣ್ಣಂಗೂ ಅಳತೆ ತೆಗೀತಿದ್ದೀಯಾ? ಸೂಟು ಹೊಲಿಸ್ತೀಯೇನೋ!"

"ಥೂ, ಇದನ್ಯಾರು ಅಳೀತಾರೋ! ಊಟಕ್ಕೆ ಕಣೋ, ಊಟಕ್ಕೆ!" ಎಂದು ಆರ್ವಿಡ್ ಗಟ್ಟಿಯಾಗಿ ನಕ್ಕ. ನಗುತ್ತಲೇ ಚಾಕು ಎತ್ತಿ ಕಿವಿರಿನ ಹಿಂದೆ ಇಳಿಸಿಬಿಟ್ಟ.

ಲಾರೀನ್ ಕೈ ಒರೆಸಿಕೊಂಡು ಒಳಗೆ ಹೋಗಿ ಆಲೂಗಡ್ಡೆ ಸುಲಿಯುತ್ತ ಕೂತಳು.

ಆಮೇಲೆ ಆರ್ವಿಡ್ ಒಲೆಯ ಹತ್ತಿರ ಬಂದು ಪಿಸುಗುಟ್ಟಿದ. "ಕೆಂಗಣ್ಣನ್ನ ತಗೊಂಡೋಗಿ ಗೋಡೆಗೆ ಹಾಕಿದ್ರೆ ಊರು ನಗಲ್ವೇನೇ?"

"ನಕ್ಕಿದ್ರೆ ನಿನ್ನ ಹಲ್ಲು ಉದುರ್ತಿತ್ತಾ?" ಎಂದೆ.

ನಾನು ಕರಿದೆ, ಮೂವರೂ ತಿಂದೆವು. ರುಚಿಯಾಗಿತ್ತು. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ಆದರೂ ರುಚಿಯಾಗಿತ್ತು.

ಆ ಶುಕ್ರವಾರ ಸಂಜೆ ಎಲ್ಲರಂತೆ ನಾವು ಮೂವರೂ ಊರಿನ ಡಾಟಿಯ ಬಾರಿಗೆ ಮೀನೂಟಕ್ಕೆ ಹೋದೆವು. ಉದ್ದ ಮೇಜಿನ ಆಚೆ ಗಿಲ್ಬರ್ಟ್, ಅವನ ಪಕ್ಕದಲ್ಲಿ ಡೆಲ್ಬರ್ಟ್. ತಟ್ಟೆಗಳು ಬರುವ ಮೊದಲೇ ಗಿಲ್ಬರ್ಟ್‌ನ ನಾಲಿಗೆ ತುರಿಸಿತು.

"ಡೆಲ್ಬರ್ಟ್, ನಿಂಗೊಂದು ಗಿರಾಕಿ ತಪ್ಪಿಸ್ಬಿಟ್ಟ ಈ ಆರ್ವಿಡ್. ಲಾರೀನ್ ಕೆಂಗಣ್ಣ ಹಿಡಿದಿದ್ಲು ಕಣೋ! ನೀನೇ ಹೇಳು, ಎಷ್ಟು ದೊಡ್ಡದಾದ್ರೆ ಅದನ್ನ ಗೋಡೆಗೆ ಹಾಕ್ಬಹುದು? ಬೆಂಕಿಪೊಟ್ಟಣದಷ್ಟಿದ್ರೆ ಸಾಕಾ?"

ಎಲ್ಲರೂ ನಕ್ಕರು. ಡೆಲ್ಬರ್ಟ್ ನಗಲಿಲ್ಲ. ಬ್ರಾಂದಿಯ ಲೋಟ ಕೆಳಗಿಟ್ಟ.

"ನಗ್ಬೇಡ. ಮೀನು ದೊಡ್ಡದೋ ಚಿಕ್ಕದೋ ಅನ್ನೋದು ಅದರದರ ಜಾತಿ ನೋಡ್ಕೊಂಡು. ಮೂವತ್ತಿಂಚಿನ ಮಸ್ಕಿ ಮೀನು ಇನ್ನೂ ಮರಿ. ಹನ್ನೆರಡಿಂಚಿನ ಕೆಂಗಣ್ಣ ಮುತ್ತಜ್ಜ. ಹನ್ನೆರಡು ದಾಟಿದ್ದು ಯಾರಾದ್ರೂ ತಂದ್ರೆ ಕೈಮುಗಿದು ಮಾಡ್ಕೊಡ್ತೀನಿ. ನನ್ನ ಅಂಗಡಿಗೆ ಇವತ್ತಿನವರೆಗೂ ಒಂದೂ ಬಂದಿಲ್ಲ." ಆಮೇಲೆ ಲಾರೀನ್ ಕಡೆ ತಿರುಗಿದ. "ನಿಂದು ಎಷ್ಟಿತ್ತಮ್ಮಾ?"

ಆರ್ವಿಡ್‌ನ ಮುಖ ಇಂಗು ತಿಂದ ಮಂಗನಂತಾಯಿತು. ಲಾರೀನ್ ನಿಜ ಹೇಳಿದರೆ ಕಥೆ ಮುಗಿಯಿತು. ಮಗಳು ಹಿಡಿದ ಮುತ್ತಜ್ಜನನ್ನು ಕೊಯ್ದು ತಿಂದವನು ಎಂಬ ಹೆಸರು ಅವನನ್ನು ಗೋರಿಯವರೆಗೂ ಬಿಡುತ್ತಿರಲಿಲ್ಲ. ಹೇಳಿಬಿಡು ಮಗಳೇ ಎಂದು ನನ್ನ ಮನಸ್ಸು ಕೂಗುತ್ತಿತ್ತು. ಗಂಡನ ಪರ ನಿಲ್ಲಬೇಕೆಂದು ನನಗೆ ಒಂದು ಗಳಿಗೆಯೂ ಅನ್ನಿಸಲಿಲ್ಲ.

ಲಾರೀನ್ ಅಪ್ಪನ ಮುಖವನ್ನೊಮ್ಮೆ ನೋಡಿದಳು.

"ಒಂಬತ್ತು ಇದ್ದಿರ್ಬಹುದು ಡೆಲ್ಬರ್ಟ್," ಎಂದಳು. "ಅಷ್ಟೇನೂ ದೊಡ್ಡದಲ್ಲ. ಅಪ್ಪ ಮಾಡಿದ್ದೇ ಸರಿ."

ನಮ್ಮ ಸರೋವರದ ಕಡೆ ಮೀನಿನ ಉದ್ದಕ್ಕೆ ಎರಡು ಇಂಚು ಸೇರಿಸಿ ಹೇಳುವುದನ್ನು ಸುಳ್ಳೆಂದು ಯಾರೂ ಎಣಿಸುವುದಿಲ್ಲ. ಕೇಳುವವರು ಎರಡು ಇಂಚು ಕಳೆದು ಕೇಳಿಸಿಕೊಳ್ಳುತ್ತಾರೆ, ಅಲ್ಲಿಗೆ ಸರಿಹೋಗುತ್ತದೆ. ಆರ್ವಿಡ್ ನಾಲ್ಕೈದು ಸೇರಿಸುವವನು. ಕಡಿಮೆ ಮಾಡಿ ಹೇಳಿದವರನ್ನು ಮಾತ್ರ ನಾನು ಅವತ್ತೇ ಮೊದಲು ಕಂಡದ್ದು. ಹಾಗಾಗಿ ಅವಳ ಮಾತನ್ನು ಎಲ್ಲರೂ ನಂಬಿದರು. ಡೆಲ್ಬರ್ಟ್ ತಲೆಯಾಡಿಸಿ ಲೋಟ ಕೈಗೆತ್ತಿಕೊಂಡ.

ಅಲ್ಲಿಗೆ ಬಿಟ್ಟಿದ್ದರೆ ಆರ್ವಿಡ್ ಬಚಾವಾಗುತ್ತಿದ್ದ. ಅವನು ಎದ್ದು ನಿಂತ.

"ಒಂಬತ್ತಲ್ಲ," ಎಂದ. "ಹದಿಮೂರು ದಾಟಿತ್ತು. ನಾನೇ ಅಳೆದೆ." ಎರಡೂ ಕೈ ಎತ್ತಿ, ಅಗಲಿಸಿ ತೋರಿಸಿದ. ಒಂದು ಕೂದಲೆಳೆಯಷ್ಟೂ ಹೆಚ್ಚಿರಲಿಲ್ಲ.

ಬಾರಿಗೆ ಬಾರೇ ಬಿದ್ದು ಬಿದ್ದು ನಕ್ಕಿತು.

"ತಿಂದ ಮೇಲೂ ಬೆಳೆಸ್ತಿದ್ದೀಯಲ್ಲೋ!" ಎಂದು ಗಿಲ್ಬರ್ಟ್ ಕಣ್ಣೊರೆಸಿಕೊಂಡ. "ಭಾನುವಾರದ ಹೊತ್ತಿಗೆ ತಿಮಿಂಗಿಲ ಆಗತ್ತೆ ನೋಡ್ರಪ್ಪಾ!"

"ದೇವರಾಣೆ ಕಣ್ರೋ. ಅವಳು ಹಿಡಿದಿದ್ದು ಇಷ್ಟಿತ್ತು. ನಾನು ಕೊಯ್ದು ಹಾಕ್ಬಿಟ್ಟೆ," ಎಂದ ಆರ್ವಿಡ್. ಅದೂ ನಾಟಕವೆಂದುಕೊಂಡು ಯಾರೋ ಮೇಜು ಬಡಿದು ಶಿಳ್ಳೆ ಹಾಕಿದರು.

ಸಾಕ್ಷಿ ಹೇಳಲು ನಾನು ಬಾಯಿ ತೆರೆದೆ. ಲಾರೀನ್ ಮೇಜಿನ ಕೆಳಗೆ ನನ್ನ ಮೊಣಕಾಲು ಒತ್ತಿ ಹಿಡಿದಳು. ಅಪ್ಪನ ಮಾನ ಕಾಯಲೆಂದು ತನ್ನ ಮೀನನ್ನೇ ಬಿಟ್ಟುಕೊಟ್ಟ ಮಗಳ ಮುಂದೆ ನಾನು ತಲೆ ತಗ್ಗಿಸಿದೆ. ನೆಲ ಬಾಯಿಬಿಟ್ಟಿದ್ದರೆ ಕುರ್ಚಿ ಸಮೇತ ಇಳಿದುಹೋಗುತ್ತಿದ್ದೆ.

"ಕೂತ್ಕೋ ಅಪ್ಪಾ," ಎಂದಳು ಅವಳು. "ಊಟ ಆರ್ತಿದೆ."

ಅವನು ಕೂರಲಿಲ್ಲ. ಅಗಲಿಸಿದ ಕೈಗಳನ್ನು ಹಾಗೆಯೇ ಇಟ್ಟುಕೊಂಡು ಅವಳ ಕಡೆಗೆ ತಿರುಗಿದ. ಲಾರೀನ್ ಬ್ರೆಡ್ಡಿಗೆ ಬೆಣ್ಣೆ ಹಚ್ಚುತ್ತಿದ್ದಳು, ತಲೆ ಎತ್ತಲಿಲ್ಲ.